ಕೊಡಲಿ ಬಿದ್ದ ಜಾಗ: ಚಿಕ್ಕ ವಿಷಯಕ್ಕೂ ದೇವರನ್ನು ಕೇಳಬಹುದಾ?

ಯೊರ್ದನ್ ದಂಡೆ:

ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಈಗ ಬೈಬಲಿನ ಎರಡನೇ ಅರಸುಗಳು ಪುಸ್ತಕ ಓದುತ್ತಿದ್ದೇವೆ. 6ನೇ ಅಧ್ಯಾಯದ ಮೊದಲ 7 ವಚನಗಳ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು. ಓದದೇ ಇರುವವರಿಗೆ ಕಥೆ ಹೇಳಿಬಿಡುತ್ತೇನೆ. ಪ್ರವಾದಿಗಳ ಶಿಷ್ಯರಿಗೆ ಇದ್ದ ಮನೆ ಸಾಲುತ್ತಿರಲಿಲ್ಲ. ಯೊರ್ದನ್ ಹೊಳೆಯ ಹತ್ತಿರ ಹೋಗಿ, ಒಬ್ಬೊಬ್ಬರು ಒಂದೊಂದು ತೊಲೆ ಕಡಿದು, ಬೇರೆ ಮನೆ ಕಟ್ಟಿಕೊಳ್ಳೋಣ ಅಂತ ಹೊರಟರು. ತಮ್ಮ ಗುರು ಪ್ರವಾದಿ ಎಲೀಷನನ್ನೂ ಕರೆದರು, ಅವನೂ ಹೋದ. ಮರ ಕಡಿಯುವಾಗ ಒಬ್ಬನ ಕೊಡಲಿ ಕಾವಿನಿಂದ ಕಳಚಿ ನೀರಿಗೆ ಬಿತ್ತು. ಅಯ್ಯೋ, ಅದು ಬೇರೆಯವರ ಹತ್ತಿರ ಕೇಳಿ ತಂದದ್ದು ಅಂತ ಅವನು ಕೂಗಿಕೊಂಡ. ಎಲ್ಲಿ ಬಿತ್ತು ಅಂತ ಎಲೀಷ ಕೇಳಿದ. ಇವನು ಜಾಗ ತೋರಿಸಿದ. ಎಲೀಷ ಒಂದು ಕಟ್ಟಿಗೆ ಕಡಿದು ಅಲ್ಲಿಗೆ ಎಸೆದ, ಕಬ್ಬಿಣ ತೇಲಿತು. ತೆಗೆದುಕೋ ಅಂದ. ಅವನು ಕೈ ಚಾಚಿ ತೆಗೆದುಕೊಂಡ. ಅಷ್ಟೇ ಕಥೆ.

ಇದರ ಹಿಂದೆ ಮುಂದೆ ಏನಿದೆ ನೋಡಿ. ಹಿಂದಿನ ಅಧ್ಯಾಯದಲ್ಲಿ ಅರಾಮ್ ದೇಶದ ಸೇನಾಪತಿ ನಾಮಾನನ ಕುಷ್ಠ ವಾಸಿಯಾಗುತ್ತದೆ. 8ನೇ ವಚನದಿಂದ ಅರಾಮಿನ ಅರಸ ಯುದ್ಧಕ್ಕೆ ಬರುತ್ತಾನೆ. ದೋತಾನಿನಲ್ಲಿ ಬೆಟ್ಟದ ತುಂಬ ಬೆಂಕಿಯ ರಥಗಳು. ಆಮೇಲೆ ಸಮಾರ್ಯಕ್ಕೆ ಮುತ್ತಿಗೆ, ಘೋರವಾದ ಬರ. ಅರಸರು, ಸೈನ್ಯಗಳು, ದೇಶಗಳ ಕಥೆ. ಅದರ ನಡುವೆ ಹೆಸರೂ ಗೊತ್ತಿಲ್ಲದ ಒಬ್ಬನ ಕೊಡಲಿಗೆ 7 ವಚನ!

ಓದಿ ಮುಗಿಸಿದಾಗ ನಮ್ಮ ಗುಂಪಿನ ಹಿರಿಯ ಸಿಸ್ಟರ್ ಒಬ್ಬರು ಒಂದು ಮಾತು ಹೇಳಿದರು. ಕಳೆದುಹೋದ ಕಿವಿ ಯಂತ್ರ ಸಿಗಲಿ ಅಂತ ಒಬ್ಬರು ಪ್ರಾರ್ಥನೆ ಕೇಳಿಕೊಂಡಿದ್ದರು. ಅದಕ್ಕೆ ಇವರು, ಇಂಥ ಸಣ್ಣಪುಟ್ಟದಕ್ಕೆಲ್ಲ ದೇವರ ಮುಂದೆ ಹೋಗುವುದು ಸರಿಯಲ್ಲ, ಆತ್ಮಗಳ ರಕ್ಷಣೆಗೆ, ಸಭೆಯ ಉಜ್ಜೀವನಕ್ಕೆ ಬೇಡಿಕೊಳ್ಳಿ ಅಂದರು. ಅವರ ಮಾತಿನಲ್ಲಿ ಅಹಂಕಾರ ಇರಲಿಲ್ಲ, ದೇವರ ಮೇಲಿನ ಭಯಭಕ್ತಿಯಿಂದ ಹೇಳಿದ್ದು. ಆದರೆ ಕೇಳಿಕೊಂಡವರು ಆಮೇಲೆ ಇಡೀ ಸಂಜೆ ಬಾಯಿ ಬಿಡಲಿಲ್ಲ.

ನಿಮಗೆ ಏನನ್ನಿಸುತ್ತದೆ? ದಯವಿಟ್ಟು ವಾಕ್ಯದ ಆಧಾರದ ಮೇಲೆ ಮಾತಾಡೋಣ.

ಹಳೆಯ ಓದುಗ:

ಒಳ್ಳೆಯ ಪ್ರಶ್ನೆ ತಂಗಿ. ಒಂದು ವಿಷಯ ಮೊದಲೇ ಹೇಳುತ್ತೇನೆ. ಆ ಕೊಡಲಿ ಅವನಿಗೆ ಚಿಕ್ಕದಾಗಿರಲಿಲ್ಲ. ಆ ಕಾಲದಲ್ಲಿ ಕಬ್ಬಿಣ ಎಲ್ಲರ ಕೈಗೆ ಸಿಗುವ ವಸ್ತು ಅಲ್ಲ. ಸ್ವಂತ ಕೊಡಲಿ ಇಲ್ಲದವನು ಕಳೆದುಹೋದ ಕೊಡಲಿಗೆ ಎಲ್ಲಿಂದ ಕೊಡುತ್ತಾನೆ? ಎರಡು ಅಧ್ಯಾಯ ಹಿಂದಕ್ಕೆ ಹೋಗಿ. ಪ್ರವಾದಿಗಳ ಶಿಷ್ಯರಲ್ಲೇ ಒಬ್ಬನು ತೀರಿಕೊಂಡಿದ್ದಾನೆ, ಸಾಲಗಾರ ಬಂದು ಅವನ ಇಬ್ಬರು ಗಂಡುಮಕ್ಕಳನ್ನು ದಾಸರಾಗಿ ಎಳೆದುಕೊಂಡು ಹೋಗಲು ನಿಂತಿದ್ದಾನೆ. ವಿಧವೆ ಎಲೀಷನ ಹತ್ತಿರ ಬಂದು ಅಳುತ್ತಾಳೆ. ಅಂಥವರ ಮಧ್ಯೆ ಬದುಕುತ್ತಿದ್ದವನು ಈ ಕೊಡಲಿಯವನು. ಸಾಲ ಅಂದರೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಿವಿ ಯಂತ್ರದ ವಿಷಯವೂ ಹಾಗೇ ಅಲ್ವಾ? ಕಿವಿ ಚೆನ್ನಾಗಿ ಕೇಳಿಸುವವರಿಗೆ ಅದು ಸಣ್ಣ ವಸ್ತು. ಕಳೆದುಕೊಂಡವರಿಗೆ ಮೊಮ್ಮಕ್ಕಳ ಮಾತು, ಹಾಡು, ಪ್ರಸಂಗ ಎಲ್ಲವೂ ಅದರ ಜೊತೆಗೇ ಹೋಯಿತು. ಯಾವುದು ಚಿಕ್ಕದು ಅಂತ ಪಕ್ಕದಲ್ಲಿ ಕೂತವರು ತೀರ್ಮಾನ ಮಾಡಬಾರದು.

ಕೇಳುವವನು:

ಅಕ್ಕಾ, ನಾನು ನಿಮ್ಮ ಹಿರಿಯ ಸಿಸ್ಟರ್ ಪರ ಸ್ವಲ್ಪ ಮಾತಾಡುತ್ತೇನೆ. ಕೊಡಲಿ ಕಥೆ ನಾನೂ ಓದಿದ್ದೇನೆ. ನನಗೆ ಕಷ್ಟ ಆಗುವುದು ನಾವು ಹೇಳುವ ಸಾಕ್ಷಿಗಳ ವಿಷಯದಲ್ಲಿ.

ಸಭೆಯಲ್ಲಿ ಒಬ್ಬರು ಎದ್ದು ನಿಂತು, ಬೀಗದ ಕೈ ಸಿಗಲಿಲ್ಲ, ಪ್ರಾರ್ಥನೆ ಮಾಡಿದೆ, ತಕ್ಷಣ ಸಿಕ್ಕಿತು ಅನ್ನುತ್ತಾರೆ. ಎಲ್ಲರೂ ಸ್ತೋತ್ರ ಅನ್ನುತ್ತಾರೆ. ಅದೇ ಸಾಲಿನಲ್ಲಿ ಹೆಂಡತಿಯನ್ನು ಕಾಯಿಲೆಯಲ್ಲಿ ಕಳೆದುಕೊಂಡವರು ಕೂತಿರುತ್ತಾರೆ. ಅವರೂ ಪ್ರಾರ್ಥನೆ ಮಾಡಿದ್ದರು, ಉಪವಾಸ ಇದ್ದರು, ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದರು. ಬೀಗದ ಕೈ ಹುಡುಕಿಕೊಡಲು ದೇವರಿಗೆ ಮನಸ್ಸಿತ್ತು, ನನ್ನ ಹೆಂಡತಿ ವಿಷಯದಲ್ಲಿ ಇರಲಿಲ್ಲವಾ ಅಂತ ಅವರ ಹೊಟ್ಟೆ ಉರಿಯುವುದಿಲ್ಲವಾ?

ದೇವರು ಚಿಕ್ಕದನ್ನು ನೋಡುತ್ತಾನೆ ಅಂತ ಹೇಳುವುದು ಸುಲಭ. ಚಿಕ್ಕದನ್ನು ನೋಡಿ ದೊಡ್ಡದನ್ನು ಬಿಟ್ಟ ಹಾಗೆ ಕಾಣುತ್ತದಲ್ಲ, ಅದಕ್ಕೆ ಏನು ಹೇಳೋಣ? ನಾನು ವಾದ ಮಾಡಬೇಕು ಅಂತ ಕೇಳುತ್ತಿಲ್ಲ. ನಿಜವಾಗಲೂ ತಿಳಿದುಕೊಳ್ಳಬೇಕಾಗಿದೆ.

ಯೊರ್ದನ್ ದಂಡೆ:

ಕೇಳಿದ್ದು ಒಳ್ಳೆಯದಾಯಿತು ತಮ್ಮ. ಅವಸರದಲ್ಲಿ ಉತ್ತರ ಕೊಡುವ ಪ್ರಶ್ನೆ ಅಲ್ಲ ಇದು. ಬೇರೆಯವರೂ ಬರೆಯಲಿ.

ಒಂಟಿ ಗುಬ್ಬಿ:

ಈ ಪ್ರಶ್ನೆಗೆ ನಾನು ಬರೆಯಲೇಬೇಕು. ನಾನು ಮಗಳನ್ನು ಕಳೆದುಕೊಂಡ ತಾಯಿ.

ಅವಳು ಆಸ್ಪತ್ರೆಯಲ್ಲಿದ್ದಾಗ ಮತ್ತಾಯ 10ರ ಗುಬ್ಬಿಗಳ ವಚನವನ್ನು ಎಷ್ಟೋ ಜನ ನನಗೆ ಕಳಿಸಿದರು. ಹೆದರಬೇಡ, ಏನೂ ಆಗುವುದಿಲ್ಲ ಅನ್ನುವ ಅರ್ಥದಲ್ಲಿ. ಅವಳು ಹೋದ ಮೇಲೆ ಬಹಳ ಕಾಲ ಆ ಪುಟವನ್ನು ನಾನು ತೆರೆಯಲಿಲ್ಲ. ಮತ್ತೆ ಓದಿದಾಗ ಕಂಡದ್ದು ಇದು. ಗುಬ್ಬಿ ನೆಲಕ್ಕೆ ಬೀಳುವುದಿಲ್ಲ ಅಂತ ಯೇಸು ಹೇಳಲೇ ಇಲ್ಲ. ತಂದೆಗೆ ತಿಳಿಯದೆ, ತಂದೆಯನ್ನು ಬಿಟ್ಟು ಬೀಳುವುದಿಲ್ಲ ಅಂದ. ಗುಬ್ಬಿ ಬೀಳುತ್ತದೆ. ಅವನಿಗೆ ಅದು ಗೊತ್ತಿತ್ತು.

ಅದನ್ನು ಯಾರಿಗೆ ಹೇಳಿದ ಅಂತಲೂ ನೋಡಿ. 12 ಮಂದಿ ಶಿಷ್ಯರನ್ನು ತೋಳಗಳ ನಡುವೆ ಕುರಿಗಳ ಹಾಗೆ ಕಳಿಸುವಾಗ ಹೇಳಿದ್ದು. ದೇಹವನ್ನು ಕೊಲ್ಲುವವರಿಗೆ ಹೆದರಬೇಡಿ ಅಂದ ಮೇಲೆ, ಮುಂದಿನ ಮಾತೇ ಗುಬ್ಬಿ. ಅದರ ಮುಂದಿನದು, ನಿಮ್ಮ ತಲೆಕೂದಲುಗಳೆಲ್ಲ ಲೆಕ್ಕವಾಗಿವೆ ಅನ್ನುವ ಮಾತು. ಲೂಕ 21ರಲ್ಲಿ ಇನ್ನೂ ನೇರವಾಗಿದೆ. ನಿಮ್ಮಲ್ಲಿ ಕೆಲವರನ್ನು ಕೊಲ್ಲಿಸುತ್ತಾರೆ ಅನ್ನುತ್ತಾನೆ, ಒಂದು ವಚನ ಬಿಟ್ಟು ನಿಮ್ಮ ತಲೆಯ ಒಂದು ಕೂದಲೂ ನಾಶವಾಗುವುದಿಲ್ಲ ಅನ್ನುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಹಾಗಾದರೆ ಕೂದಲು ಲೆಕ್ಕ ಇಟ್ಟಿದ್ದಾನೆ ಅನ್ನುವುದು, ನಿನಗೆ ಏನೂ ಆಗುವುದಿಲ್ಲ ಅನ್ನುವ ಮಾತಲ್ಲ. ನಿನಗೆ ಏನೇ ಆದರೂ ನೀನು ನನ್ನ ಕೈಯಿಂದ ಜಾರಿ ಹೋಗುವುದಿಲ್ಲ ಅನ್ನುವ ಮಾತು.

ಇನ್ನೊಂದು ಹೇಳುತ್ತೇನೆ. ಕೊನೆಯ ವಾರಗಳಲ್ಲಿ ರಾತ್ರಿ ಪಾಳಿಗೆ ಒಬ್ಬ ನರ್ಸ್ ಬರುತ್ತಿದ್ದರು. ಮಗಳ ಎದೆಗೆ ಸ್ಟೆತಾಸ್ಕೋಪ್ ಇಡುವ ಮುಂಚೆ, ಅದರ ತುದಿಯನ್ನು ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಪ್ರತಿ ಸಲ. ತಣ್ಣಗೆ ತಾಗಿದರೆ ಮಗು ಬೆಚ್ಚಿ ಎದ್ದುಬಿಡುತ್ತಾಳೆ ಅಂತ. ಯಾರೂ ಹಾಗೆ ಮಾಡಿ ಅಂತ ಅವರಿಗೆ ಹೇಳಿರಲಿಲ್ಲ. ನನ್ನ ದೊಡ್ಡ ಪ್ರಾರ್ಥನೆಗೆ ನಾನು ಕೇಳಿದ ಉತ್ತರ ಬರಲಿಲ್ಲ. ಆ ಬೆಚ್ಚಗಿನ ಸ್ಟೆತಾಸ್ಕೋಪ್ ಅದಕ್ಕೆ ಬದಲು ಅಂತ ನಾನು ಹೇಳುವುದಿಲ್ಲ. ಯಾವುದೂ ಅದಕ್ಕೆ ಬದಲಾಗಿ ನಿಲ್ಲುವುದಿಲ್ಲ. ಆದರೆ ನನ್ನ ಮಗಳು ನಿದ್ದೆಯಿಂದ ಬೆಚ್ಚಿ ಏಳಬಾರದು ಅಂತ ಆ ಕೋಣೆಯಲ್ಲಿ ಯಾರಿಗೋ ಅನ್ನಿಸುತ್ತಿತ್ತು. ದೇವರು ಅಲ್ಲಿ ಇದ್ದ ಅಂತ ನಾನು ಹೇಳುವುದು ಅದಕ್ಕೆ.

ಕೇಳುವವನು:

ಅಮ್ಮಾ, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟ ಆಯಿತೋ. ನಿಮಗೆ ವಂದನೆ. ಲೂಕ 21ರ ಆ ಎರಡು ವಚನಗಳನ್ನು ನಾನು ಒಟ್ಟಿಗೆ ಯಾವತ್ತೂ ಇಟ್ಟು ನೋಡಿರಲಿಲ್ಲ.

ಗಿಡದ ನೆರಳು:

ಬತ್ತಿದ ಮನಸ್ಸು ಹೊಸದಾಗುವುದರ ಬಗ್ಗೆ ನಾನು ಬರೆಯುತ್ತೇನೆ. ಈ ಚರ್ಚೆಗೆ ಸೇರುತ್ತದೆ ಅಂತ ನಂಬಿಕೆ.

ಸಭೆಯ ಕೆಲಸ ಮಾಡಿ ಮಾಡಿ ಒಳಗೆ ಪೂರ್ತಿ ಬತ್ತಿಹೋದ ಕಾಲ ನನ್ನದೂ ಇತ್ತು. ಪ್ರಾರ್ಥನೆಗೆ ಕೂತರೆ ಒಂದು ಮಾತು ಬರುತ್ತಿರಲಿಲ್ಲ. ಆಗ ಎಲ್ಲರೂ ಹೇಳುತ್ತಿದ್ದದ್ದು ಯೆಶಾಯ 40: ಹದ್ದುಗಳಂತೆ ರೆಕ್ಕೆ ಚಾಚಿ ಏರುವರು. ನನಗೆ ಹಾಸಿಗೆಯಿಂದ ಏಳಲೂ ಆಗುತ್ತಿರಲಿಲ್ಲ, ಏರುವುದೆಲ್ಲಿ!

ನನ್ನನ್ನು ಎತ್ತಿದ್ದು 1 ಅರಸು 19. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು ಗೆದ್ದು ಬಂದವನು, ಈಗ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಯಬೇಕು ಅನ್ನುತ್ತಿದ್ದಾನೆ. ಸಾಕು ಕರ್ತನೇ ಅಂದು ಮಲಗಿಬಿಟ್ಟ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ದೂತ ಬಂದು ಮುಟ್ಟಿ, ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೇವರು ಮಲಗಲು ಬಿಟ್ಟ. ಎರಡನೇ ಸಲ ದೂತ ಬಂದು ಮತ್ತೆ ಮುಟ್ಟಿ ಏನು ಹೇಳಿದ? ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು.

ಈ ಕೊನೆಯ ಮಾತನ್ನು ನಿಧಾನಕ್ಕೆ ಓದಿ. ನಿನಗೆ ಇದು ಜಾಸ್ತಿಯಾಯಿತು ಅಂತ ದೇವರೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ಹೋರೇಬ್ ಬೆಟ್ಟದಲ್ಲಿ ಎಲೀಯ ಕೇಳಿದ ದೇವರ ಮೆಲ್ಲನೆಯ ಧ್ವನಿಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇವೆ. ಆ ಧ್ವನಿಗೆ 40 ಹಗಲು 40 ರಾತ್ರಿ ಮುಂಚೆ ಎರಡು ನಿದ್ದೆ, ಎರಡು ಊಟ ಇತ್ತು.

ನನಗೂ ಹಾಗೇ ಆಯಿತು. ಒಂದು ಕೂಟದಲ್ಲಿ ಕೈ ಎತ್ತಿ ಎದ್ದು ಬಂದಾಗ ಎಲ್ಲ ಸರಿಹೋಯಿತು ಅಂತ ಹೇಳಲು ಆಗುವುದಿಲ್ಲ. ವೈದ್ಯರ ಹತ್ತಿರ ಹೋದೆ, ಮಾತ್ರೆ ತೆಗೆದುಕೊಂಡೆ, ಹೊತ್ತಿಗೆ ಸರಿಯಾಗಿ ಮಲಗಿದೆ. ಬೆಳಿಗ್ಗೆ ಒಂದೇ ಒಂದು ಕೀರ್ತನೆ ಓದುತ್ತಿದ್ದೆ. ಇಂಥ ಸ್ಥಿತಿಯಲ್ಲಿ ಯಾರಾದರೂ ಈ ಚರ್ಚೆ ಓದುತ್ತಿದ್ದರೆ, ದಯವಿಟ್ಟು ವೈದ್ಯರನ್ನು ಕಾಣಿ. ಅದು ನಂಬಿಕೆ ಕಡಿಮೆಯಾದ ಗುರುತಲ್ಲ.

ಎರಡನೇ ಮೈಲಿ:

ಗಿಡದ ನೆರಳು ಬ್ರದರ್, ಆಮೆನ್.

ನಮ್ಮ ಮನೆಯ ವಿಷಯ ಹೇಳುತ್ತೇನೆ. ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು. ಮೊದಮೊದಲು ನಾವೆಲ್ಲ ದೊಡ್ಡ ಅದ್ಭುತಕ್ಕೆ ಬೇಡಿಕೊಂಡೆವು. ಪೂರ್ತಿ ಗುಣ, ತಕ್ಷಣ. ಫಿಸಿಯೋಥೆರಪಿ ಶುರುವಾಯಿತು. ಭುಜದಲ್ಲಿ ಚಲನೆ ಮೊದಲು ಬಂತು, ಬೆರಳುಗಳಿಗೆ ಬಹಳ ತಡವಾಯಿತು. ಒಂದು ದಿನ ಫಿಸಿಯೋದವರು ದೊಡ್ಡ ದೊಡ್ಡ ಗುಂಡಿ ಹೊಲಿದ ಒಂದು ಬಟ್ಟೆಯ ತುಂಡು ತಂದು ಅಪ್ಪನ ಮಡಿಲಲ್ಲಿ ಇಟ್ಟರು. ಇದನ್ನು ಹಾಕಿ, ತೆಗೆಯಿರಿ, ಇಷ್ಟೇ ಕೆಲಸ ಅಂದರು.

ಅಪ್ಪ ಮಂಚದ ಅಂಚಿನಲ್ಲಿ ಕೂತು ಆ ಗುಂಡಿ ಹಾಕುವುದನ್ನು ನೋಡಬೇಕಿತ್ತು. ಹೆಬ್ಬೆರಳು ಗುಂಡಿಯನ್ನು ತಳ್ಳುತ್ತದೆ, ತೋರುಬೆರಳು ಹಿಡಿಯುವುದಿಲ್ಲ, ಗುಂಡಿ ಅಡ್ಡಕ್ಕೆ ತಿರುಗುತ್ತದೆ. ಕಾಜದ ಅಂಚಿನವರೆಗೆ ಬಂದು ಜಾರುತ್ತದೆ. ಮತ್ತೆ ಮೊದಲಿಂದ. ಹಣೆ ತುಂಬ ಬೆವರು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಅವತ್ತಿನಿಂದ ನಮ್ಮ ಪ್ರಾರ್ಥನೆ ಬದಲಾಯಿತು. ಕರ್ತನೇ, ಇವತ್ತು ಒಂದು ಗುಂಡಿ. ಅಷ್ಟೇ ಕೇಳುತ್ತಿದ್ದೆವು. ಒಂದು ದಿನ ಒಂದು ಗುಂಡಿ ಒಳಗೆ ಹೋಯಿತು. ಅಪ್ಪ ನನ್ನ ಮುಖ ನೋಡಿ ಅತ್ತರು.

ಈಗ ಶರ್ಟನ್ನು ತಾವೇ ಹಾಕಿಕೊಳ್ಳುತ್ತಾರೆ, ಕತ್ತಿನ ಗುಂಡಿ ಒಂದು ಬಿಟ್ಟು. ಅದನ್ನು ನಾನು ಹಾಕುತ್ತೇನೆ. ಕೈ ಮೊದಲಿನ ಹಾಗೆ ಆಗಿಲ್ಲ, ಇನ್ನು ಆಗುವುದೂ ಇಲ್ಲವೇನೋ. ಆದರೆ ಮನುಷ್ಯ ಹೊಸಬರಾಗಿದ್ದಾರೆ. ಮುಂಚೆ ಅಪ್ಪನಿಗೆ ಬಹಳ ಸಿಟ್ಟು, ಯಾರ ಸಹಾಯವನ್ನೂ ಒಪ್ಪುತ್ತಿರಲಿಲ್ಲ. ಈಗ ಕತ್ತು ಮುಂದೆ ಮಾಡಿ ನಿಲ್ಲುತ್ತಾರೆ. 2 ಕೊರಿಂಥ 4:16 ಹೇಳುವುದು ಇದನ್ನೇ. ಹೊರಗಿನ ಮನುಷ್ಯ ಸವೆಯುತ್ತಿದ್ದರೂ ಒಳಗಿನ ಮನುಷ್ಯ ದಿನೇದಿನೇ ಹೊಸಬನಾಗುತ್ತಾನೆ ಅಂತ. ಒಂದೇ ಸಲಕ್ಕೆ ಅಂತ ಪೌಲ ಬರೆಯಲಿಲ್ಲ, ದಿನೇದಿನೇ ಅಂತ ಬರೆದ.

ನೂಲುಗುಂಡು:

ಸಿಸ್ಟರ್, ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಕಟ್ಟಡದ ಕೆಲಸದವನು, ಜಾಸ್ತಿ ಓದಿಲ್ಲ. ಜೆಕರ್ಯ 4:10 ನನಗೆ ಬಹಳ ಇಷ್ಟ. ಅಲ್ಪ ಕಾರ್ಯಗಳ ದಿನವನ್ನು ಕಡೆಗಣಿಸಿದವರು ಯಾರು ಅಂತ ದೇವರು ಕೇಳುತ್ತಾನೆ. ಅದರ ಹಿನ್ನೆಲೆ ಇದು. ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ವಾಪಸ್ ಬಂದವರು ದೇವಾಲಯಕ್ಕೆ ಪಾಯ ಹಾಕಿದಾಗ, ಹಳೆಯ ದೇವಾಲಯ ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು ಅಂತ ಎಜ್ರ 3ರಲ್ಲಿದೆ. ಆಮೇಲೆ ಕೆಲಸ ನಿಂತುಹೋಯಿತು, ಎಷ್ಟೋ ವರ್ಷ ಪಾಯ ಹಾಗೇ ಬಿದ್ದಿತ್ತು. ಕ್ರಿ.ಪೂ. 520ರಲ್ಲಿ ಪ್ರವಾದಿಗಳಾದ ಹಗ್ಗಾಯ, ಜೆಕರ್ಯ ಬಂದು ಎಬ್ಬಿಸಿದ ಮೇಲೆ ಮತ್ತೆ ಶುರುವಾಗಿ, ಕ್ರಿ.ಪೂ. 515ರಲ್ಲಿ ಮುಗಿಯಿತು.

ಆ ವಚನದಲ್ಲಿ, ದೇವಾಲಯ ಕಟ್ಟಿಸುತ್ತಿದ್ದ ಜೆರುಬ್ಬಾಬೆಲನ ಕೈಯಲ್ಲಿ ನೂಲುಗುಂಡು (ಗೋಡೆ ನೇರ ಇದೆಯಾ ಅಂತ ನೋಡಲು ಇಳಿಬಿಡುವ ದಾರ, ಗುಂಡು) ಕಂಡು ಸಂತೋಷಪಡುತ್ತಾರೆ ಅಂತ ಇದೆ. ಕಟ್ಟಡ ಮುಗಿದಾಗ ಅಲ್ಲ, ನೂಲುಗುಂಡು ಇಳಿಬಿಟ್ಟಾಗಲೇ ಸಂತೋಷ. ನಮ್ಮ ಕೆಲಸ ಗೊತ್ತಿದ್ದವರಿಗೆ ಇದು ಅರ್ಥ ಆಗುತ್ತದೆ. ಕೆಳಗಿನ ಸಾಲಿನಲ್ಲಿ ಕೂದಲೆಳೆಯಷ್ಟು ವಾಲಿದರೂ ಮೇಲೆ ಹೋಗುತ್ತಾ ಗೋಡೆ ಕೈಗೆ ಸಿಗುವುದಿಲ್ಲ. ದಾರ ನೇರ ನಿಂತಿತು ಅಂದರೆ ಗೋಡೆ ನಿಲ್ಲುತ್ತದೆ. ಅವತ್ತು ಅಲ್ಲಿ ಇದ್ದದ್ದು ಬರೀ ದಾರ, ಗುಂಡು. ದೇವರಿಗೆ ಅಷ್ಟು ಸಾಕಾಗಿತ್ತು.

ಯೊರ್ದನ್ ದಂಡೆ:

ನಿಮ್ಮೆಲ್ಲರ ಬರಹ ಓದಿದ ಮೇಲೆ ಕೊಡಲಿಯ ಕಥೆಗೆ ಮತ್ತೆ ಹೋದೆ. ಈ ಸಲ ನನ್ನ ಮನಸ್ಸಿಗೆ ನಾಟಿದ್ದು ಎಲೀಷ ಕೇಳಿದ ಪ್ರಶ್ನೆ. ಎಲ್ಲಿ ಬಿತ್ತು?

ಹೊಳೆಯಲ್ಲಿ ಎಲ್ಲೋ ಬಿತ್ತು ಅಂದರೆ ಸಾಲುವುದಿಲ್ಲ. ಇಲ್ಲೇ, ಈ ಜಾಗದಲ್ಲಿ ಅಂತ ಬೆರಳು ತೋರಿಸಬೇಕು. ಕಟ್ಟಿಗೆ ಬಿದ್ದದ್ದು ಅದೇ ಜಾಗಕ್ಕೆ, ಕಬ್ಬಿಣ ಎದ್ದದ್ದೂ ಅದೇ ಜಾಗದಲ್ಲಿ.

ದೇವರು ಈ ಥರ ಕೇಳುವುದು ಇದೊಂದೇ ಕಡೆ ಅಲ್ಲ. ಏದೆನಿನಲ್ಲಿ ಆದಾಮನಿಗೆ, ಎಲ್ಲಿದ್ದೀ? ಮರುಭೂಮಿಯ ಬುಗ್ಗೆಯ ಹತ್ತಿರ ಹಾಗರಳಿಗೆ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ? ಅಬ್ರಹಾಮನ ಮನೆಯಲ್ಲಿ ಅವಳು ದಾಸಿ. ಆ ಕಥೆಯಲ್ಲಿ ಅಬ್ರಹಾಮನಾಗಲಿ ಅವನ ಹೆಂಡತಿ ಸಾರಳಾಗಲಿ ಅವಳನ್ನು ಹೆಸರಿಟ್ಟು ಕರೆಯುವುದಿಲ್ಲ, ದಾಸಿ ಅನ್ನುತ್ತಾರೆ ಅಷ್ಟೇ. ಹಾಗರಳೇ ಅಂತ ಹೆಸರು ಹಿಡಿದು ಕರೆದದ್ದು ದೇವರ ದೂತ. ಅವಳು ಅದಕ್ಕೇ ದೇವರಿಗೆ ನನ್ನನ್ನು ನೋಡುವವನು ಅಂತ ಹೆಸರಿಟ್ಟಳು. ಲಾಜರ ಸತ್ತಾಗ ಅವನ ಸಹೋದರಿ ಮರಿಯಳೂ ಜೊತೆಗೆ ಬಂದವರೂ ಅಳುವುದನ್ನು ನೋಡಿ ಯೇಸು ಕೇಳಿದ್ದು, ಅವನನ್ನು ಎಲ್ಲಿ ಇಟ್ಟಿದ್ದೀರಿ? ಬಂದು ನೋಡು ಅಂದರು. ಯೇಸು ಕಣ್ಣೀರಿಟ್ಟ. ಆಮೇಲೆ ಸಮಾಧಿಯ ಬಾಯಿಗೇ ಹೋಗಿ ನಿಂತ. ಸತ್ತವರನ್ನು ಎಬ್ಬಿಸುವವನಿಗೆ ದೂರದಿಂದಲೇ ಒಂದು ಮಾತು ಹೇಳಲು ಆಗುತ್ತಿರಲಿಲ್ಲವಾ? ಶತಾಧಿಪತಿಯ, ಅಂದರೆ ಒಬ್ಬ ಸೈನ್ಯಾಧಿಕಾರಿಯ ಆಳನ್ನು ಹಾಗೆ ಗುಣಮಾಡಿದ್ದ. ಇಲ್ಲಿ ಮಾತ್ರ ನಡೆದುಕೊಂಡು ಹೋದ.

ಪ್ರಕಟನೆ 2ರಲ್ಲಿ ಎಫೆಸದ ಸಭೆಗೆ ಹೇಳುವುದನ್ನು ನೋಡಿ. ಮೊದಲಿನ ಪ್ರೀತಿ ಬಿಟ್ಟಿದ್ದೀ, ಎಲ್ಲಿಂದ ಬಿದ್ದೆಯೋ ಅದನ್ನು ನೆನಪು ಮಾಡಿಕೋ. ಅಲ್ಲೂ ಅದೇ ಪ್ರಶ್ನೆ. ನಾವು ಉಜ್ಜೀವನ ಅಂದರೆ ದೊಡ್ಡ ಕೂಟ, ದೊಡ್ಡ ಮೈಕ್, ತುಂಬಿದ ಜನ ಅಂದುಕೊಂಡುಬಿಟ್ಟಿದ್ದೇವೆ. ಕರ್ತನು ಒಂದು ಜಾಗಕ್ಕೆ ಕರೆದುಕೊಂಡು ಹೋಗಿ ಇಲ್ಲಿ ಬಿತ್ತು ಅಲ್ವಾ ಅನ್ನುತ್ತಾನೆ.

ಯೇಸುವಿನ ಶಿಷ್ಯ ಪೇತ್ರನಿಗೆ ಆದದ್ದು ಇದೇ. ಯೋಹಾನ 18ರಲ್ಲಿ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಮಾಡಿಕೊಂಡು ಆಳುಗಳು ಚಳಿ ಕಾಯಿಸಿಕೊಳ್ಳುತ್ತಿದ್ದರು, ಪೇತ್ರನೂ ಅವರ ಜೊತೆ ನಿಂತಿದ್ದ. ಅಲ್ಲಿ 3 ಸಲ ಯೇಸುವಿನ ಶಿಷ್ಯ ನಾನಲ್ಲ ಅಂದ. 21ನೇ ಅಧ್ಯಾಯದಲ್ಲಿ ಪುನರುತ್ಥಾನವಾದ ಯೇಸು ಕೆರೆಯ ದಡದಲ್ಲಿ ಕಾಯುತ್ತಿದ್ದಾನೆ. ಶಿಷ್ಯರು ದಡಕ್ಕೆ ಬಂದಾಗ ಏನು ಕಂಡರು? ಇದ್ದಲ ಬೆಂಕಿ, ಅದರ ಮೇಲೆ ಮೀನು, ರೊಟ್ಟಿ. ಆ ಬೆಂಕಿಯ ಪಕ್ಕದಲ್ಲಿ 3 ಸಲ ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದ. ಆದರೆ ಮೊದಲು ಊಟ ಮಾಡಿಸಿದ. ಊಟ ಆದ ಮೇಲೆ ಕೇಳಿದ ಅಂತ ಯೋಹಾನ ಬಿಡದೆ ಬರೆದಿದ್ದಾನೆ. ಮರಣವನ್ನು ಗೆದ್ದು ಬಂದ ಕರ್ತನು ಬೆಳಗಿನ ಊಟಕ್ಕೆ ಇದ್ದಲು ಹೊಂದಿಸಿದ್ದಾನೆ!

ನನಗೆ ಹೇಳಬೇಕಾಗಿರುವುದು ಇದೇ. ದೇವರು ಚಿಕ್ಕದನ್ನು ಗಮನಿಸುವುದು ಒಂದು, ನಮ್ಮನ್ನು ಹೊಸದು ಮಾಡುವುದು ಇನ್ನೊಂದು ಅಂತ ನಾನು ಬೇರೆ ಬೇರೆ ನೋಡುವುದಿಲ್ಲ. ಬಿದ್ದದ್ದು ಯಾವಾಗಲೂ ಒಂದು ಚಿಕ್ಕ ಜಾಗದಲ್ಲೇ. ಅವನಿಗೆ ಆ ಜಾಗ ಗೊತ್ತಿರಬೇಕು, ಅಲ್ಲಿಗೆ ಬರಬೇಕು. ಕೂದಲು ಲೆಕ್ಕ ಇಟ್ಟವನಿಗೆ ಮಾತ್ರ ಅದು ಸಾಧ್ಯ.

ಗಿಡದ ನೆರಳು:

ಆ ಇದ್ದಲ ಬೆಂಕಿಯ ಮಾತು ಓದಿ ಕಣ್ಣು ತುಂಬಿ ಬಂತು ಸಿಸ್ಟರ್.

ಹಳೆಯ ಓದುಗ:

ತಂಗಿ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಒಂದು ಎಚ್ಚರಿಕೆ ಮಾತು ಸೇರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಚಿಕ್ಕದನ್ನು ನೋಡುವುದೆಲ್ಲ ದೈವಭಕ್ತಿ ಅಲ್ಲ. ಮತ್ತಾಯ 23ರ ಫರಿಸಾಯರು, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವರು, ಪುದೀನ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಎಣಿಸಿ ಕೊಡುತ್ತಿದ್ದರು. ನ್ಯಾಯ, ಕರುಣೆ, ನಂಬಿಕೆ ಬಿಟ್ಟಿದ್ದರು. ಯೇಸು ಆ ಚಿಕ್ಕದನ್ನು ಬಿಡಿ ಅನ್ನಲಿಲ್ಲ, ಇವನ್ನು ಮಾಡಬೇಕಿತ್ತು, ಅವನ್ನೂ ಬಿಡಬಾರದಿತ್ತು ಅಂದ. ಅವರ ಲೆಕ್ಕ ತಮ್ಮ ಹೆಸರಿಗಾಗಿ ಇತ್ತು, ಎದುರಿಗಿದ್ದ ಮನುಷ್ಯನಿಗಾಗಿ ಇರಲಿಲ್ಲ. ವ್ಯತ್ಯಾಸ ಅಲ್ಲಿದೆ.

ದೇವರ ಲೆಕ್ಕ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಮೋಶೆಯ ಧರ್ಮಶಾಸ್ತ್ರ ಓದಿ. ಜನ ಅದನ್ನು ಒಣ ಕಟ್ಟಳೆ ಅಂತ ಬಿಟ್ಟುಬಿಡುತ್ತಾರೆ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತು ಗೋಡೆ ಕಟ್ಟು, ಯಾರಾದರೂ ಬಿದ್ದಾರು (ಧರ್ಮೋಪದೇಶಕಾಂಡ 22). ಅದೇ ಅಧ್ಯಾಯದಲ್ಲಿ, ದಾರಿಯಲ್ಲಿ ಹಕ್ಕಿ ಗೂಡು ಸಿಕ್ಕರೆ ಮರಿಗಳ ಜೊತೆ ತಾಯಿಯನ್ನೂ ಹಿಡಿಯಬೇಡ. 25ನೇ ಅಧ್ಯಾಯದಲ್ಲಿ, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ. ವಿಮೋಚನಕಾಂಡ 22ರಲ್ಲಿ, ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡು. ಯಾಕೆ? ಅವನಿಗೆ ಹೊದ್ದುಕೊಳ್ಳಲು ಅದೊಂದೇ ಇರುವುದು, ಇನ್ನೇನು ಹೊದ್ದು ಮಲಗಾನು? ಇದು ದೇವರೇ ಕೇಳುವ ಪ್ರಶ್ನೆ. ಸೀನಾಯಿ ಬೆಟ್ಟ ನಡುಗಿಸಿದ ದೇವರು, ಒಬ್ಬ ಬಡವ ರಾತ್ರಿ ಚಳಿಗೆ ಏನು ಹೊದೆಯುತ್ತಾನೆ ಅಂತ ಯೋಚಿಸುತ್ತಾನೆ.

ಆದರೆ ಗಮನಿಸಿ, ಅಲ್ಲಿ ಹೊದಿಕೆ ಆಕಾಶದಿಂದ ಬೀಳುವುದಿಲ್ಲ. ನೀನು ಕೊಂಡುಹೋಗಿ ಕೊಡು ಅನ್ನುತ್ತಾನೆ. ಕಿವಿ ಯಂತ್ರಕ್ಕೆ ಪ್ರಾರ್ಥನೆ ಮಾಡಿದವರು ಎದ್ದು ಕುರ್ಚಿಗಳ ಕೆಳಗೆ ಹುಡುಕಬೇಕು. ಸಿಗದಿದ್ದರೆ ನಾಲ್ಕು ಜನ ಸೇರಿ ಹೊಸದು ಕೊಡಿಸಬೇಕು. ಆ ನರ್ಸ್ ಅಂಗೈಯಲ್ಲಿ ಬೆಚ್ಚಗೆ ಮಾಡಿದರಲ್ಲ, ಆ ಥರ. ದೇವರು ನೋಡುತ್ತಾನೆ ಅಂತ ಸಾಕ್ಷಿ ಹೇಳಿ, ಪಕ್ಕದವರನ್ನು ನಾವು ನೋಡದೇ ಇದ್ದರೆ ಆ ಸಾಕ್ಷಿಯನ್ನು ಯಾರು ನಂಬುತ್ತಾರೆ?

ಒಂಟಿ ಗುಬ್ಬಿ:

ಅಣ್ಣಾ, ನೀವು ಹೇಳಿದ್ದು ನಿಜ. ನನ್ನ ಹೆಸರು ನೋಡಿ, ಯಾಕೆ ಈ ಹೆಸರು ಅಂತ ಒಬ್ಬರು ಖಾಸಗಿಯಾಗಿ ಕೇಳಿದರು, ಅದಕ್ಕೆ ಇಲ್ಲೇ ಉತ್ತರ ಹೇಳುತ್ತೇನೆ. ಮತ್ತಾಯನಲ್ಲಿ ಒಂದು ಕಾಸಿಗೆ 2 ಗುಬ್ಬಿ. ಲೂಕ 12ರಲ್ಲಿ 2 ಕಾಸಿಗೆ 5. ಲೆಕ್ಕ ಮಾಡಿದರೆ 4 ಬರಬೇಕು. ಜಾಸ್ತಿ ತೆಗೆದುಕೊಂಡವರಿಗೆ ಒಂದು ಸುಮ್ನೆ ಸೇರಿಸಿ ಕೊಡುತ್ತಿದ್ದರು ಅಂತ ಕಾಣುತ್ತದೆ. ಆ ಐದನೆಯದಕ್ಕೆ ಬೆಲೆಯೇ ಇಲ್ಲ. ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಅಂತ ಯೇಸು ಹೇಳಿದಾಗ ಆ ಐದನೆಯದೂ ಸೇರಿತು. ನನ್ನ ಮಗಳು ಸಭೆಯಲ್ಲಾಗಲಿ ಲೋಕದಲ್ಲಾಗಲಿ ಯಾವ ದೊಡ್ಡ ಕೆಲಸವನ್ನೂ ಮಾಡುವಷ್ಟು ಬದುಕಲಿಲ್ಲ. ಅದಕ್ಕೇ ಈ ಹೆಸರು.

ಎರಡನೇ ಮೈಲಿ:

ಅಕ್ಕಾ, ಇವತ್ತು ರಾತ್ರಿ ಅಪ್ಪನ ಜೊತೆ ಲೂಕ 12 ಓದುತ್ತೇನೆ. ನಿಮಗಾಗಿಯೂ ಬೇಡಿಕೊಳ್ಳುತ್ತೇವೆ.

ಕೇಳುವವನು:

ಎಲ್ಲವನ್ನೂ ಎರಡೆರಡು ಸಲ ಓದಿದೆ. ನನ್ನ ನಿಲುವು ಎಲ್ಲಿಗೆ ಬಂದಿದೆ ಅಂತ ಹೇಳುತ್ತೇನೆ.

ಚಿಕ್ಕ ವಿಷಯಕ್ಕೆ ಪ್ರಾರ್ಥನೆ ಬೇಡ ಅಂತ ನಾನು ಇನ್ನು ಹೇಳುವುದಿಲ್ಲ. ಯಾಯೀರ ಅನ್ನುವವನ ಸತ್ತುಹೋಗಿದ್ದ 12 ವರ್ಷದ ಮಗಳನ್ನು ಎಬ್ಬಿಸಿದ ಮೇಲೆ, ಎಲ್ಲರೂ ಬೆರಗಾಗಿ ನಿಂತಿರುವಾಗ, ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತ ಹೇಳಿದವನು ಯೇಸು. ಆ ಗಲಾಟೆಯಲ್ಲಿ ಮಗುವಿಗೆ ಹಸಿವಾಗಿರುತ್ತದೆ ಅಂತ ಅವನಿಗೆ ಮಾತ್ರ ಹೊಳೆಯಿತು. ಅಂಥವನ ಹತ್ತಿರ ಯಾವುದನ್ನು ಹೇಳಬಾರದು ಅಂತ ನಾನು ಯಾಕೆ ಗೆರೆ ಎಳೆಯಲಿ?

ಆದರೆ ಸಾಕ್ಷಿ ಹೇಳುವ ರೀತಿ ಬದಲಾಗಬೇಕು ಅನ್ನುವುದರಲ್ಲಿ ನನಗೆ ಇನ್ನೂ ಸಂಶಯ ಇಲ್ಲ. ಕೊಡಲಿ ತೇಲಿದವರು ಸಂತೋಷದಿಂದ ಹೇಳಲಿ. ಹೇಳುವಾಗ, ನೀವೂ ನಂಬಿದ್ದರೆ ನಿಮ್ಮದೂ ತೇಲುತ್ತಿತ್ತು ಅನ್ನುವ ಅರ್ಥ ಬಾರದ ಹಾಗೆ ನೋಡಿಕೊಳ್ಳಲಿ. ತೇಲದೇ ಇದ್ದವರಿಗೂ ಅದೇ ಕೂಟದಲ್ಲಿ ಎದ್ದು ನಿಂತು ಮಾತಾಡಲು ಜಾಗ ಇರಲಿ. ಒಂಟಿ ಗುಬ್ಬಿ ಅಮ್ಮ ಇಲ್ಲಿ ಬರೆದದ್ದಕ್ಕಿಂತ ದೊಡ್ಡ ಸಾಕ್ಷಿ ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ. ಲೂಕ 13ರಲ್ಲಿ ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತರು. ಅವರು ಬೇರೆಯವರಿಗಿಂತ ಹೆಚ್ಚು ಪಾಪಿಗಳಲ್ಲ ಅಂತ ಯೇಸು ಹೇಳಿದ. ಗೋಪುರ ಯಾಕೆ ಬಿತ್ತು ಅಂತ ಮಾತ್ರ ಹೇಳಲಿಲ್ಲ. ಗುಬ್ಬಿಯ ಮಾತು ಹೇಳಿದ್ದು ಹಿಂದಿನ ಅಧ್ಯಾಯದಲ್ಲಿ. ಈ ಎರಡನ್ನೂ ಒಟ್ಟಿಗೆ ಓದಬೇಕು ಅಂದುಕೊಂಡಿದ್ದೇನೆ. ಅದಕ್ಕೆ ಬೇರೆ ಪೋಸ್ಟ್ ಹಾಕುತ್ತೇನೆ. ಹಳೆಯ ಓದುಗ ಅಣ್ಣ, ನೀವು ಬರಲೇಬೇಕು.